ಸೋರುವ ತಾರಸಿ ಮೇಲೆ ಇನ್ನೊಂದು ಪದರ ಹಾಕಿಸುವ ಮುನ್ನ ಇದನ್ನು ಓದಿ: ಹಳೇ ವಾಣಿಜ್ಯ ಕಟ್ಟಡದ ಚಾವಣಿ ಬದಲಿಸುವುದು ಹೇಗೆ?

2012ರ ಜೂನ್ 23, ಶನಿವಾರ ಮಧ್ಯಾಹ್ನ. ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ ಎಲಿಯಟ್ ಲೇಕ್ ಎಂಬ ಪುಟ್ಟ ಗಣಿ ಊರು. ಅಲ್ಲಿನ ಆಲ್ಗೊ ಸೆಂಟರ್ ಮಾಲ್‌ನ ಚಾವಣಿಯ ಒಂದು ಭಾಗ ಇದ್ದಕ್ಕಿದ್ದಂತೆ ಕುಸಿದು ಕೆಳಗಿನ ಅಂಗಡಿಗಳ ಮೇಲೆ ಬಿತ್ತು. ಇಬ್ಬರು ಮಹಿಳೆಯರು ಸತ್ತರು, ಹಲವರು ಗಾಯಗೊಂಡರು. ಆ ದಿನ ಭೂಕಂಪ ಆಗಿರಲಿಲ್ಲ, ಬಿರುಗಾಳಿ ಬೀಸಿರಲಿಲ್ಲ, ಬಾಂಬ್ ಸಿಡಿದಿರಲಿಲ್ಲ. ಆದದ್ದು ಇಷ್ಟೇ: ಆ ಚಾವಣಿ 30 ವರ್ಷಕ್ಕೂ ಹೆಚ್ಚು ಕಾಲದಿಂದ ಸೋರುತ್ತಿತ್ತು.

ಮಾಲ್ ಶುರುವಾಗಿದ್ದು 1980ರಲ್ಲಿ. ಸಮತಟ್ಟಾದ ಚಾವಣಿಯೇ ಅದರ ಕಾರ್ ಪಾರ್ಕಿಂಗ್. ಮೊದಲ ದಿನಗಳಿಂದಲೇ ನೀರು ಒಳಗೆ ಇಳಿಯುತ್ತಿತ್ತು. ಅಂಗಡಿಗಳಲ್ಲಿ ಬಕೆಟ್ ಇಡುತ್ತಿದ್ದರು, ಒಳಗಿದ್ದ ಗ್ರಂಥಾಲಯದಲ್ಲಿ ಪುಸ್ತಕಗಳಿಗೆ ಟಾರ್ಪಾಲು ಹೊದಿಸುತ್ತಿದ್ದರು. ಮಾಲೀಕರು ಬದಲಾದರು, ಬಂದವರೆಲ್ಲ ಅಲ್ಲೊಂದು ಇಲ್ಲೊಂದು ತೇಪೆ ಹಾಕಿಸಿದರು. ಚಾವಣಿಯನ್ನು ಪೂರ್ತಿ ಕಿತ್ತು ಹೊಸದಾಗಿ ಮಾಡಿಸುವ ಖರ್ಚಿಗೆ ಯಾರೂ ಕೈ ಹಾಕಲಿಲ್ಲ. ಹಿಮ ಕರಗಿಸಲು ಬಳಸುವ ಉಪ್ಪು ಕಾರುಗಳ ಚಕ್ರಕ್ಕೆ ಅಂಟಿ ಬಂದು, ನೀರಿನ ಜೊತೆ ಉಕ್ಕಿನ ತೊಲೆಗಳವರೆಗೂ ಇಳಿಯಿತು. ಕೊನೆಗೆ ತೊಲೆ ಮತ್ತು ಕಂಬವನ್ನು ಹಿಡಿದಿದ್ದ ವೆಲ್ಡಿಂಗ್ ಜೋಡಣೆಯೊಂದು ತುಕ್ಕಿಗೆ ಸೋತು ಕಿತ್ತುಕೊಂಡಿತು. 2014ರಲ್ಲಿ ಬಂದ ವಿಚಾರಣಾ ಆಯೋಗದ ವರದಿ, ಕಬ್ಬಿಣಕ್ಕಿಂತ ಹೆಚ್ಚಾಗಿ ಮನುಷ್ಯರ ನಿರ್ಲಕ್ಷ್ಯವನ್ನೇ ದೂರಿತು.

ಅದು ಹಿಮ ಬೀಳುವ ದೇಶದ ಕತೆ, ನಿಜ. ಆದರೆ ಬಕೆಟ್ ಇಡುವ ಅಭ್ಯಾಸ ಮುಂಬೈ, ಪುಣೆ, ಚೆನ್ನೈ, ಹೈದರಾಬಾದ್‌ಗಳ ಹಳೇ ಆಫೀಸು ಸಮುಚ್ಚಯ, ಮಾರುಕಟ್ಟೆ ಕಟ್ಟಡ, ಗೋದಾಮುಗಳಲ್ಲಿ ಕೆಲಸ ಮಾಡುವವರಿಗೆ ಹೊಸದೇನಲ್ಲ. ಹಿಮದ ಉಪ್ಪು ಇಲ್ಲದಿದ್ದರೂ ಮುಂಬೈ, ಚೆನ್ನೈಗಳಲ್ಲಿ ಸಮುದ್ರದ ಗಾಳಿಯ ಉಪ್ಪು ಇದೆ. ಇಂಥ ಕಟ್ಟಡದ ಚಾವಣಿ ಬದಲಿಸುವ ಮಾತು ಬಂದಾಗ ಏನೇನು ಗೊತ್ತಿರಬೇಕು?

ಚಾವಣಿ ಎಂದರೆ ಸ್ಲ್ಯಾಬ್ ಮಾತ್ರ ಅಲ್ಲ

ನಮ್ಮ ದೊಡ್ಡ ಕಟ್ಟಡಗಳ ತಾರಸಿಯಲ್ಲಿ ಕೆಳಗೆ ಆರ್‌ಸಿಸಿ ಸ್ಲ್ಯಾಬ್, ಅದರ ಮೇಲೆ ನೀರು ತಡೆಯುವ ಮತ್ತು ನೀರು ಹರಿಸುವ ಪದರಗಳು ಇರುತ್ತವೆ. 'ಚಾವಣಿ ಬದಲಿಸುವುದು' ಎಂದರೆ ಸಾಮಾನ್ಯವಾಗಿ ಸ್ಲ್ಯಾಬ್ ಒಡೆಯುವುದಲ್ಲ, ಮೇಲಿನ ಈ ಪದರಗಳನ್ನು ತೆಗೆದು ಹೊಸದು ಹಾಕುವುದು.

ಆ ಪದರ ಊರಿಂದ ಊರಿಗೆ ಬೇರೆ. ಮುಂಬೈ, ಪುಣೆ ಕಡೆ ಹೆಚ್ಚಾಗಿ ಬ್ರಿಕ್‌ಬ್ಯಾಟ್ ಕೋಬಾ: ಒಡೆದ ಇಟ್ಟಿಗೆ ಚೂರುಗಳನ್ನು ಸಿಮೆಂಟ್ ಗಾರೆಯಲ್ಲಿ ಜೋಡಿಸಿ, ವಾಟ ಕೊಟ್ಟು, ಮೇಲೆ ನಯವಾಗಿ ಸಾರಿಸುವುದು ಅಥವಾ ಚೈನಾ ಮೊಸಾಯಿಕ್ ಚೂರು ಹಾಕುವುದು. ಚೆನ್ನೈನಲ್ಲಿ ಇಟ್ಟಿಗೆ ಜಲ್ಲಿಯನ್ನು ಸುಣ್ಣದ ಜೊತೆ ಕಲಸಿ ಬಡಿದು, ಮೇಲೆ ಒತ್ತಿದ ಮಣ್ಣಿನ ಹೆಂಚು ಹಾಸುವ ಪದ್ಧತಿ. ದೆಹಲಿಯ ಹಳೇ ಕಟ್ಟಡಗಳಲ್ಲಿ ಹುಲ್ಲು ಬೆರೆಸಿದ ಮಣ್ಣನ್ನು ಬಡಿದು ಇಟ್ಟಿಗೆ ಬಿಲ್ಲೆ ಹಾಸಿದ 'ಮಡ್ ಫುಸ್ಕಾ' ಸಿಗುತ್ತದೆ. ಹೈದರಾಬಾದ್, ಪುಣೆಯ ಕೆಲವು ತಾರಸಿಗಳ ಮೇಲೆ ಕಾಣುವ ಚಪ್ಪಟೆ ಕಲ್ಲು ನಮ್ಮ ಕಲಬುರಗಿ ಜಿಲ್ಲೆಯ ಶಹಾಬಾದ್ ಕಲ್ಲು.

ಇವೆಲ್ಲ ಒಳ್ಳೆಯ ಪದ್ಧತಿಗಳೇ. ಬಿಸಿಲನ್ನೂ ತಡೆಯುತ್ತವೆ, ಓಡಾಟವನ್ನೂ ತಡೆಯುತ್ತವೆ. ಆದರೆ ಎಲ್ಲದಕ್ಕೂ ಒಂದೇ ಸಮಸ್ಯೆ. ಭಾರ.

ಲೆಕ್ಕ ಹಾಕಿದರೆ ಬೆಚ್ಚಿ ಬೀಳುತ್ತೀರಿ

ತಾರಸಿಯ ನೀರು ಹರಿಯಲು 100 ಅಡಿಗೆ 1 ಅಡಿ ವಾಟ ಬೇಕು ಎಂಬುದು ಸಾಮಾನ್ಯ ಲೆಕ್ಕ. ನೀರಿನ ಪೈಪ್ 60 ಅಡಿ ದೂರದಲ್ಲಿದ್ದರೆ, ಪೈಪ್ ಬಾಯಿಗಿಂತ ಈ ತುದಿ 7 ಇಂಚು ಎತ್ತರ ಇರಬೇಕು. ಸ್ಲ್ಯಾಬ್ ಸಮತಟ್ಟು, ಆ 7 ಇಂಚನ್ನು ತುಂಬುವುದು ಕೋಬಾ. ಸರಾಸರಿ 5 ಇಂಚು ದಪ್ಪ ಎಂದಿಟ್ಟುಕೊಂಡರೂ ಚದರ ಅಡಿಗೆ ಸುಮಾರು 22 ಕಿಲೋ ಭಾರ ಬೀಳುತ್ತದೆ. 20,000 ಚದರ ಅಡಿ ತಾರಸಿಗೆ ಅದು ಸುಮಾರು 440 ಟನ್!

ಕಟ್ಟಡ ಕಟ್ಟುವಾಗ ಈ ಮೊದಲ ಪದರದ ಭಾರವನ್ನು ಎಂಜಿನಿಯರ್ ಲೆಕ್ಕಕ್ಕೆ ತೆಗೆದುಕೊಂಡಿರುತ್ತಾರೆ. ತೊಂದರೆ ಶುರುವಾಗುವುದು ಹದಿನೈದು-ಇಪ್ಪತ್ತು ವರ್ಷಗಳ ನಂತರ. ಸೋರಿಕೆ ಶುರುವಾಗುತ್ತದೆ, ಗುತ್ತಿಗೆದಾರ ಬರುತ್ತಾರೆ, 'ಹಳೇದನ್ನು ಒಡೆಯೋದು ಬೇಡ ಸಾರ್, ಮೇಲೇ ಇನ್ನೊಂದು ಕೋಬಾ ಹಾಕಿಬಿಡೋಣ' ಎನ್ನುತ್ತಾರೆ. ಧೂಳಿಲ್ಲ, ಸದ್ದಿಲ್ಲ, ಡೆಬ್ರಿ ಸಾಗಿಸುವ ಖರ್ಚಿಲ್ಲ. ಎಲ್ಲರಿಗೂ ಖುಷಿ.

ಈಗ ಇದನ್ನು ನೋಡಿ. ಜನ ಓಡಾಡುವಂಥ ಸಮತಟ್ಟು ಚಾವಣಿಗೆ ಭಾರತೀಯ ಮಾನದಂಡ ಐಎಸ್ 875 ಹೇಳುವ ಬಳಕೆಯ ಭಾರ ಚದರ ಮೀಟರಿಗೆ 1.5 ಕಿಲೋನ್ಯೂಟನ್. ನಮ್ಮ ಲೆಕ್ಕದಲ್ಲಿ ಚದರ ಅಡಿಗೆ ಸುಮಾರು 14 ಕಿಲೋ. ಅಂದರೆ ಜನ, ಸಾಮಾನು ಎಲ್ಲ ಸೇರಿ ತಾರಸಿ ಹೊರಬೇಕೆಂದು ಬಿಟ್ಟ ಅವಕಾಶ ಇಷ್ಟು. ಎರಡನೇ ಕೋಬಾ ಒಂದೇ 22 ಕಿಲೋ. ಅದು ಬಂದು ಕೂತರೆ ಮತ್ತೆ ಏಳುವುದೂ ಇಲ್ಲ. ಇದರ ಮೇಲೆ ಆಮೇಲೆ ಬಂದ ಎಸಿ ಹೊರಘಟಕಗಳು, ನೀರಿನ ಟ್ಯಾಂಕ್, ಮೊಬೈಲ್ ಟವರ್, ಜಾಹೀರಾತು ಫಲಕದ ಕಬ್ಬಿಣ! ಕಟ್ಟಿದ ತಕ್ಷಣ ಬೀಳುವುದಿಲ್ಲ ಎನ್ನುವುದೇ ಇದರ ಅಪಾಯ. ವಿನ್ಯಾಸದಲ್ಲಿ ಸುರಕ್ಷತೆಗೆಂದು ಇಟ್ಟ ಅಂತರ ಇರುತ್ತದೆ, ಅದನ್ನು ಸದ್ದಿಲ್ಲದೆ ತಿನ್ನುತ್ತಾ ಹೋಗುತ್ತೇವೆ. ಇನ್ನೊಂದು ಕಡೆಯಿಂದ ತುಕ್ಕು ತಿನ್ನುತ್ತಿರುತ್ತದೆ.

1995ರ ಜೂನ್ 29ರಂದು ದಕ್ಷಿಣ ಕೊರಿಯಾದ ಸೋಲ್‌ನಲ್ಲಿ ಸಂಪೂಂಗ್ ಡಿಪಾರ್ಟ್‌ಮೆಂಟ್ ಸ್ಟೋರ್ ಕುಸಿದು 502 ಜನ ಸತ್ತಾಗ ಹೊರಬಂದ ಕಾರಣಗಳಲ್ಲಿ ಚಾವಣಿಯೂ ಒಂದು. ಅಲ್ಲಿನ ಭಾರಿ ಎಸಿ ಯಂತ್ರಗಳನ್ನು ಕ್ರೇನ್‌ನಲ್ಲಿ ಎತ್ತುವ ಬದಲು ಚಾವಣಿಯ ಮೇಲೆಯೇ ಎಳೆದು ಜಾಗ ಬದಲಿಸಿದ್ದರು. ಸ್ಲ್ಯಾಬ್ ಆಗಲೇ ಬಿರುಕು ಬಿಟ್ಟಿತ್ತು. ಆ ಕಟ್ಟಡದಲ್ಲಿ ಬೇರೆ ತಪ್ಪುಗಳೂ ಸಾಕಷ್ಟಿದ್ದವು, ಕಂಬಗಳನ್ನು ಸಣ್ಣ ಮಾಡಿದ್ದೂ ಸೇರಿ. ಆದರೆ ಚಾವಣಿಯ ಮೇಲೆ ಏನನ್ನು ಇಡುತ್ತೇವೆ, ಹೇಗೆ ಸಾಗಿಸುತ್ತೇವೆ ಎಂಬುದು ಕೆಳಗಿರುವವರ ಜೀವದ ಪ್ರಶ್ನೆ ಎಂಬುದಕ್ಕೆ ಅದಕ್ಕಿಂತ ದೊಡ್ಡ ಉದಾಹರಣೆ ಬೇಕಿಲ್ಲ.

ತಾರಸಿ ಹಳತಾಗುವುದು ಯಾಕೆ?

ಮುಖ್ಯ ಕಾರಣ ಮಳೆಯಲ್ಲ, ಬಿಸಿಲು. ಬೇಸಿಗೆಯ ಮಧ್ಯಾಹ್ನ ತಾರಸಿಯ ಮೇಲ್ಮೈ 60 ಡಿಗ್ರಿ ದಾಟುವುದು ಸಾಮಾನ್ಯ, ರಾತ್ರಿ ಅದು 30ಕ್ಕೆ ಇಳಿಯುತ್ತದೆ. 50 ಮೀಟರ್ ಉದ್ದದ ಕಾಂಕ್ರೀಟ್ 30 ಡಿಗ್ರಿ ವ್ಯತ್ಯಾಸಕ್ಕೆ ಸುಮಾರು 15 ಮಿಲಿಮೀಟರ್ ಹಿಗ್ಗಬೇಕು. ಹಿಗ್ಗಲು ಜಾಗ ಬಿಡದಿದ್ದರೆ ಪ್ಯಾರಾಪೆಟ್ ಗೋಡೆಯ ಬುಡದಲ್ಲಿ, ಟ್ಯಾಂಕ್ ಕಟ್ಟೆಯ ಮೂಲೆಯಲ್ಲಿ, ಪೈಪ್ ಸುತ್ತ ಬಿರುಕು ಬಿಡುತ್ತದೆ. ನೀರು ಇಳಿಯುವುದು ಅಲ್ಲೇ. ಬಟಾಬಯಲಿನ ನಡುಮಧ್ಯದಲ್ಲಿ ಸೋರುವುದು ಕಡಿಮೆ.

ಒಳಗಿಳಿದ ನೀರು ಕಬ್ಬಿಣದ ಸರಳು ಮುಟ್ಟಿದರೆ ತುಕ್ಕು. ತುಕ್ಕು ಮೂಲ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಬೇಡುತ್ತದೆ, ಆ ಒತ್ತಡಕ್ಕೆ ಸ್ಲ್ಯಾಬಿನ ಅಡಿಯ ಕಾಂಕ್ರೀಟ್ ಸಿಪ್ಪೆಯಂತೆ ಎದ್ದು ಬೀಳುತ್ತದೆ. ಮನೆಗಳಲ್ಲಾದರೆ ಇದು ಕಣ್ಣಿಗೆ ಬೀಳುತ್ತದೆ. ಆಫೀಸುಗಳಲ್ಲಿ? ಮೇಲೆ ಅಂದವಾದ ಫಾಲ್ಸ್ ಸೀಲಿಂಗ್. ಒದ್ದೆಯಾದ ಬಿಳಿ ಬಿಲ್ಲೆಯೊಂದನ್ನು ಮೇಂಟೆನೆನ್ಸ್‌ನವರು ಬದಲಿಸಿ ಹೋಗುತ್ತಾರೆ. ಅದರ ಒಂದೂವರೆ ಅಡಿ ಮೇಲೆ ಸರಳು ಹೊರಗೆ ಕಾಣುತ್ತಿರಬಹುದು, ನೋಡುವವರಿಲ್ಲ. ಹಾಗಾಗಿ ಚಾವಣಿ ಬದಲಿಸುವ ಕೆಲಸ ತಾರಸಿಯ ಮೇಲಿಂದಲ್ಲ, ಮೇಲಿನ ಮಹಡಿಯ ಫಾಲ್ಸ್ ಸೀಲಿಂಗ್ ಬಿಚ್ಚುವುದರಿಂದ ಶುರುವಾಗಬೇಕು.

ಮೊದಲು ತಪಾಸಣೆ, ಆಮೇಲೆ ಕೊಟೇಶನ್

ಸಾಮಾನ್ಯವಾಗಿ ನಡೆಯುವುದು ಉಲ್ಟಾ. ಮೂರು ಗುತ್ತಿಗೆದಾರರ ಕೊಟೇಶನ್ ತರಿಸುತ್ತಾರೆ, ಕಡಿಮೆಯವರಿಗೆ ಕೆಲಸ. ಆದರೆ ಸ್ಲ್ಯಾಬ್ ಗಟ್ಟಿ ಇದೆಯೇ ಎಂದು ಹೇಳಬೇಕಾದವರು ವಾಟರ್‌ಪ್ರೂಫಿಂಗ್ ಮಾರುವವರಲ್ಲ, ಸ್ಟ್ರಕ್ಚರಲ್ ಎಂಜಿನಿಯರ್. ಮುಂಬೈನಲ್ಲಿ 30 ವರ್ಷ ದಾಟಿದ ಕಟ್ಟಡಗಳು ಪಾಲಿಕೆ ಕಾಯ್ದೆಯ 353ಬಿ ಕಲಂ ಪ್ರಕಾರ ಇಂಥ ಎಂಜಿನಿಯರ್‌ರಿಂದ ಸ್ಥಿರತೆಯ ಪ್ರಮಾಣಪತ್ರ ಪಡೆಯಲೇಬೇಕು. ಬೇರೆ ಊರಲ್ಲಿ ಯಾರೂ ಕೇಳದಿದ್ದರೂ ಮಾಡಿಸುವುದು ಒಳ್ಳೆಯದು.

ಅವರು ಏನು ಮಾಡುತ್ತಾರೆ? ಸುತ್ತಿಗೆಯಿಂದ ತಟ್ಟಿ ಟೊಳ್ಳು ಸದ್ದು ಎಲ್ಲಿದೆ ಎಂದು ಗುರುತು ಹಾಕುತ್ತಾರೆ. ಕಾಂಕ್ರೀಟಿನೊಳಗೆ ಅಲ್ಟ್ರಾಸಾನಿಕ್ ಅಲೆ ಕಳಿಸಿ ಅದರ ವೇಗ ಅಳೆಯುತ್ತಾರೆ. ಸಣ್ಣ ತುಂಡು ಕೊರೆದು ಫಿನಾಲ್ಫ್ತಲೀನ್ ದ್ರಾವಣ ಸಿಂಪಡಿಸುತ್ತಾರೆ. ಗುಲಾಬಿ ಬಣ್ಣ ಬಂದರೆ ಆ ಕಾಂಕ್ರೀಟ್ ಸರಳನ್ನು ಇನ್ನೂ ಕಾಯುತ್ತಿದೆ, ಬಣ್ಣ ಬಾರದಿದ್ದರೆ ರಕ್ಷಣೆ ಹೋಗಿದೆ. ಸೂರ್ಯ ಮುಳುಗಿದ ಮೇಲೆ ಥರ್ಮಲ್ ಕ್ಯಾಮೆರಾದಲ್ಲಿ ತಾರಸಿ ನೋಡಿದರೆ ಒಳಗೆ ನೀರು ಕುಡಿದ ಜಾಗಗಳು ಬೇಗ ತಣಿಯದೆ ಬೇರೆಯಾಗಿ ಕಾಣುತ್ತವೆ. ಎಲ್ಲಕ್ಕಿಂತ ಸರಳವಾದದ್ದು, ಮೂರ್ನಾಲ್ಕು ಕಡೆ ಒಂದಡಿ ಚೌಕದಷ್ಟು ಪದರ ಒಡೆದು ನೋಡುವುದು. ಎಷ್ಟು ಪದರ ಇದೆ, ಎಷ್ಟು ದಪ್ಪ, ಕೆಳಗೆ ಒದ್ದೆ ಇದೆಯೇ ಎಲ್ಲವೂ ಅರ್ಧ ದಿನದಲ್ಲಿ ಗೊತ್ತಾಗುತ್ತದೆ. ಒಂದರ ಮೇಲೊಂದು ಮೂರು ವಾಟರ್‌ಪ್ರೂಫಿಂಗ್ ಸಿಕ್ಕರೆ ಅಚ್ಚರಿಪಡಬೇಕಿಲ್ಲ.

ಇಷ್ಟಾದ ಮೇಲೆ ತೀರ್ಮಾನ ಸುಲಭ. ಪದರ ಒಂದೇ, ಒಣಗಿದೆ, ಗಟ್ಟಿಯಾಗಿದೆ, ವಾಟ ಸರಿ ಇದೆ ಎಂದಾದರೆ ಅದರ ಮೇಲೆ ಹಗುರವಾದ ಲೇಪ ಅಥವಾ ಹಾಳೆ ಸಾಕು. ಪದರ ನೀರು ಕುಡಿದಿದ್ದರೆ ಮೇಲೆ ಏನು ಹಾಕಿದರೂ ವ್ಯರ್ಥ. ಒಳಗೆ ಸಿಕ್ಕಿಕೊಂಡ ನೀರು ಬಿಸಿಲಿಗೆ ಆವಿಯಾಗಿ ಹೊಸ ಹಾಳೆಯನ್ನು ಗುಳ್ಳೆಯಂತೆ ಎಬ್ಬಿಸುತ್ತದೆ, ಉಳಿದದ್ದು ನಿಧಾನವಾಗಿ ಕೆಳಗೇ ಇಳಿಯುತ್ತದೆ. ಕಿತ್ತು ತೆಗೆಯಲೇಬೇಕು.

ಒಂದು ಎಚ್ಚರಿಕೆ. ಚೆನ್ನೈನ ಜಾರ್ಜ್ ಟೌನ್, ಬೆಂಗಳೂರು-ಮೈಸೂರಿನ ಹಳೇ ಪೇಟೆಗಳ ಕಟ್ಟಡಗಳಲ್ಲಿ ಮರದ ತೊಲೆ ಮೇಲೆ ತೆಳು ಇಟ್ಟಿಗೆಯನ್ನು ಅಂಚಿನ ಮೇಲೆ ನಿಲ್ಲಿಸಿ ಸುಣ್ಣದ ಗಾರೆಯಲ್ಲಿ ಕಟ್ಟಿದ ಮದ್ರಾಸ್ ತಾರಸಿ ಇರುತ್ತದೆ. ಅದಕ್ಕೆ ಈ ಸಿಮೆಂಟ್, ಡಾಂಬರು ಹಾಳೆಯ ಚಿಕಿತ್ಸೆ ಬೇಡ. ಸುಣ್ಣ ಉಸಿರಾಡುತ್ತದೆ, ಅದರ ಬಾಯಿ ಮುಚ್ಚಿದರೆ ತೇವ ಮರದಲ್ಲಿ ನಿಂತು ತೊಲೆ ಕೊಳೆಯುತ್ತದೆ. ಅಂಥ ಕಟ್ಟಡಕ್ಕೆ ಸುಣ್ಣದ ಕೆಲಸ ಬಲ್ಲವರನ್ನೇ ಹುಡುಕಬೇಕು.

ಕೀಳುವುದೇ ಕಷ್ಟದ ಕೆಲಸ

ಹೊಸದು ಹಾಕುವುದಕ್ಕಿಂತ ಹಳೇದು ತೆಗೆಯುವಾಗಲೇ ಹೆಚ್ಚು ಎಡವಟ್ಟು. ಕೆಳಗೆ ಬ್ಯಾಂಕ್, ಕ್ಲಿನಿಕ್, ಟ್ಯೂಷನ್ ಕ್ಲಾಸ್ ನಡೆಯುತ್ತಿರುತ್ತವೆ. ಮೇಲೆ ಬ್ರೇಕರ್ ಮಷೀನ್. ಭಾರಿ ಬ್ರೇಕರ್‌ಗಳು ಕೋಬಾದ ಜೊತೆ ಸ್ಲ್ಯಾಬನ್ನೂ ಅಲುಗಿಸುತ್ತವೆ, ಆದ್ದರಿಂದ ಸಣ್ಣ ಕೈ ಬ್ರೇಕರ್, ಉಳಿ-ಸುತ್ತಿಗೆಯೇ ಸೂಕ್ತ. ನಿಧಾನ, ಆದರೆ ಸುರಕ್ಷಿತ.

ಒಡೆದ ಡೆಬ್ರಿ ಎಲ್ಲಿಡುತ್ತಾರೆ ಎಂಬುದನ್ನು ಗಮನಿಸಿ. ಲಾರಿ ಸಂಜೆ ಬರುತ್ತದೆ ಎಂದು ಇಡೀ ದಿನದ ಡೆಬ್ರಿಯನ್ನು ಸ್ಲ್ಯಾಬಿನ ನಡುವೆ ಗುಡ್ಡೆ ಹಾಕಿದರೆ, ಹರಡಿಕೊಂಡಿದ್ದ ಭಾರವೆಲ್ಲ ಸ್ಲ್ಯಾಬ್ ಅತಿ ದುರ್ಬಲವಾಗಿರುವ ಕಡೆಯೇ ಒಟ್ಟಾಗುತ್ತದೆ. ಒಡೆದಂತೆಲ್ಲ ಚೀಲಕ್ಕೆ ತುಂಬಿ, ಇಳಿಜಾರು ಪೈಪ್ ಮೂಲಕವೋ ಹಾಯ್ಸ್ಟ್‌ನಲ್ಲೋ ಇಳಿಸುತ್ತಿರಬೇಕು. ಕೆಳಗೆ ಬಂದದ್ದನ್ನು ರಾತ್ರೋರಾತ್ರಿ ಕೆರೆ ದಂಡೆಗೆ ಸುರಿಯುವಂತೆಯೂ ಇಲ್ಲ. ಕಟ್ಟಡ ತ್ಯಾಜ್ಯ ನಿಯಮಗಳೇ ಅದನ್ನು ನಿಗದಿತ ಜಾಗಕ್ಕೆ ತಲುಪಿಸುವ ಹೊಣೆಯನ್ನು ಕೆಲಸ ಮಾಡಿಸುವವರ ಮೇಲೆ ಹಾಕಿವೆ. ಕೊಟೇಶನ್‌ಗಳಲ್ಲಿ ಅತಿ ಕಡಿಮೆ ದರ ಕೊಟ್ಟವರ ಪಟ್ಟಿಯಲ್ಲಿ ಬಹುಪಾಲು ಕಾಣೆಯಾಗಿರುವ ಸಾಲು ಇದೇ.

ಇಡೀ ತಾರಸಿಯನ್ನು ಒಂದೇ ಸಲ ಬಿಚ್ಚಬಾರದು. ಒಂದೊಂದು ಭಾಗ ತೆಗೆದು, ಸ್ಲ್ಯಾಬ್ ದುರಸ್ತಿ ಮಾಡಿ, ಮುಚ್ಚಿ ಮುಂದಿನದಕ್ಕೆ ಹೋಗಬೇಕು. ಅಕಾಲದಲ್ಲಿ ಒಂದು ಮಳೆ ಬಂದರೆ ಬೆತ್ತಲೆ ಸ್ಲ್ಯಾಬ್ ಮೂಲಕ ಇಳಿಯುವ ನೀರು ಹಳೇ ಸೋರಿಕೆಯನ್ನು ನಾಚಿಸುತ್ತದೆ.

ಯಾವಾಗ ಮಾಡಿಸಬೇಕು ಎಂಬುದೂ ಊರಿನ ಮೇಲೆ ನಿಂತಿದೆ. ಮುಂಬೈಗೆ ಮುಂಗಾರು ವಾಡಿಕೆಯಂತೆ ಬರುವುದು ಜೂನ್ 11ರ ಹೊತ್ತಿಗೆ, ದೆಹಲಿಗೆ ಜೂನ್ 27ರ ಹೊತ್ತಿಗೆ. ಅಲ್ಲಿ ದೀಪಾವಳಿ ಕಳೆದ ಮೇಲೆ ಶುರು ಮಾಡಿ ಏಪ್ರಿಲ್‌ನಲ್ಲಿ ಮುಗಿಸಿದರೆ ಆರಾಮ. ಚೆನ್ನೈನ ಜೋರು ಮಳೆ ಅಕ್ಟೋಬರ್‌ನಿಂದ ಡಿಸೆಂಬರ್, ಹಾಗಾಗಿ ಅಲ್ಲಿ ಸಂಕ್ರಾಂತಿ ನಂತರ. ಬೆಂಗಳೂರಿಗೆ ಏಪ್ರಿಲ್-ಮೇನಲ್ಲೇ ಗುಡುಗು ಮಳೆ, ಮತ್ತೆ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ದೊಡ್ಡ ಮಳೆ. ನಂಬಿಕೆಯ ತಿಂಗಳು ಜನವರಿಯಿಂದ ಮಾರ್ಚ್ ಮಾತ್ರ. ಮೇ ಕೊನೆಯ ವಾರ ಗುತ್ತಿಗೆದಾರರಿಗೆ ಫೋನ್ ಮಾಡುವವರೇ ಜಾಸ್ತಿ ಎಂಬುದು ಬೇರೆ ಮಾತು.

ಹಳೇದು ಹೋಯಿತು, ಬದಲಿಗೆ ಏನು?

ಕೋಬಾ ತೆಗೆದ ಮೇಲೆ ಮತ್ತೆ ಕೋಬಾನೇ ಹಾಕಬೇಕೆಂದಿಲ್ಲ. 4 ಮಿಲಿಮೀಟರ್ ದಪ್ಪದ ಎಪಿಪಿ ಡಾಂಬರು ಹಾಳೆ ಚದರ ಅಡಿಗೆ ಅರ್ಧ ಕಿಲೋ ಕೂಡ ತೂಗುವುದಿಲ್ಲ. ಬ್ರಷ್‌ನಲ್ಲಿ ಬಳಿಯುವ ಪಾಲಿಯುರಿಥೇನ್ ಲೇಪ ಇನ್ನೂ ಹಗುರ. ಪೈಪ್, ಬೋಲ್ಟ್, ಕಟ್ಟೆಗಳು ಹೆಚ್ಚಿರುವ ತಾರಸಿಗೆ ಜೋಡಣೆಯೇ ಇಲ್ಲದ ಈ ಲೇಪ ಒಳ್ಳೆಯದು. ದೊಡ್ಡ ಗೋದಾಮು, ಮಾಲ್‌ಗಳಲ್ಲಿ ಬಿಸಿಗಾಳಿಯಿಂದ ಬೆಸೆಯುವ ಟಿಪಿಒ, ಪಿವಿಸಿ ಹಾಳೆಗಳು ಬಂದಿವೆ.

ಆದರೆ ಕೋಬಾ ಮಾಡುತ್ತಿದ್ದ ಇನ್ನೆರಡು ಕೆಲಸ ಮರೆಯಬಾರದು. ಒಂದು, ವಾಟ. ಡಾಂಬರು ಹಾಳೆ ವಾಟ ಕೊಡುವುದಿಲ್ಲ. ಅದಕ್ಕೆ ನೊರೆ ಬೆರೆಸಿದ ಹಗುರ ಕಾಂಕ್ರೀಟ್ ಬಳಸಬಹುದು. ಇನ್ನೂ ಜಾಣ ದಾರಿ, ನೀರಿನ ಪೈಪ್‌ಗಳನ್ನು ಹೆಚ್ಚಿಸುವುದು. 60 ಅಡಿಗೊಂದರ ಬದಲು 30 ಅಡಿ ದೂರಕ್ಕೆ ಪೈಪ್ ಸಿಕ್ಕರೆ 7 ಇಂಚು ಎತ್ತರ ಮೂರೂವರೆಗೆ ಇಳಿಯುತ್ತದೆ. ಭಾರವೂ ಇಳಿಯಿತು, ನೀರೂ ಬೇಗ ಹೋಯಿತು. 2005ರ ಜುಲೈ 26ರಂದು ಮುಂಬೈನ ಸಾಂತಾಕ್ರೂಜ್‌ನಲ್ಲಿ 24 ಗಂಟೆಗೆ 944 ಮಿಲಿಮೀಟರ್ ಮಳೆ ಸುರಿಯಿತು. 20,000 ಚದರ ಅಡಿ ತಾರಸಿಗೆ ಅದು 17 ಲಕ್ಷ ಲೀಟರ್ ದಾಟುತ್ತದೆ. ಅಷ್ಟೂ ಕೆಳಗಿಳಿಯಬೇಕಾದದ್ದು ಎಲೆ, ಪ್ಲಾಸ್ಟಿಕ್ ಸಿಕ್ಕಿಕೊಂಡ ನಾಲ್ಕಾರು ಪೈಪ್‌ಗಳಲ್ಲಿ. ಪೈಪ್ ಕಟ್ಟಿಕೊಂಡರೆ ನಿಲ್ಲುವ ಪ್ರತಿ ಇಂಚು ನೀರು ಚದರ ಅಡಿಗೆ ಎರಡು ಕಿಲೋಗೂ ಹೆಚ್ಚು. ಅದಕ್ಕೇ ಪ್ಯಾರಾಪೆಟ್ ಗೋಡೆಯಲ್ಲಿ ಸ್ವಲ್ಪ ಎತ್ತರಕ್ಕೆ, ನೀರು ಉಕ್ಕಿ ಹೊರಹೋಗುವ ತೂತುಗಳನ್ನೂ ಬಿಡಬೇಕು.

ಎರಡು, ಬಿಸಿಲು. ದಪ್ಪ ಇಟ್ಟಿಗೆ ಪದರ ಹೋದರೆ ಮೇಲಿನ ಮಹಡಿ ಕಾಯುತ್ತದೆ, ಎಸಿ ಬಿಲ್ ಏರುತ್ತದೆ. ಶಾಖ ತಡೆಯುವ ಗಟ್ಟಿ ಫೋಮ್ ಹಲಗೆ ಅಥವಾ ಬಿಸಿಲನ್ನು ಹಿಂದಕ್ಕೆ ಕಳಿಸುವ ಬಿಳಿ ಲೇಪ ಬೇಕು. ತೆಲಂಗಾಣ ಸರ್ಕಾರ 2023ರಲ್ಲಿ ತಂದ ಕೂಲ್ ರೂಫ್ ನೀತಿ ವಾಣಿಜ್ಯ ಕಟ್ಟಡಗಳಿಗೆ ಇಂಥ ತಂಪು ಚಾವಣಿಯನ್ನು ಕಡ್ಡಾಯ ಎಂದಿದೆ. ಹೈದರಾಬಾದ್‌ನಲ್ಲಿ ಚಾವಣಿ ಬದಲಿಸುವವರು ಎರಡೂ ಕೆಲಸ ಒಟ್ಟಿಗೇ ಮುಗಿಸಿಕೊಳ್ಳಬಹುದು.

ಡಾಂಬರು ಹಾಳೆ ಅಂಟಿಸುವುದು ಗ್ಯಾಸ್ ಬರ್ನರ್ ಬೆಂಕಿಯಲ್ಲಿ. ತಾರಸಿಯ ಮೇಲೆ ಸಿಲಿಂಡರ್, ಪಕ್ಕದಲ್ಲೇ ಎಸಿ ಡಕ್ಟ್‌ನ ಫೋಮ್ ಹೊದಿಕೆ, ಕೇಬಲ್‌ಗಳು. ಬೆಂಕಿ ನಂದಿಸುವ ಸಾಧನ ಪಕ್ಕದಲ್ಲಿರಲಿ, ಕೆಲಸ ನಿಲ್ಲಿಸಿದ ಮೇಲೂ ಒಂದೆರಡು ಗಂಟೆ ಒಬ್ಬರು ಅಲ್ಲೇ ಕಾಯಲಿ. ಒಳಗೊಳಗೇ ಹೊಗೆಯಾಡುವ ಕಿಡಿ ಎಲ್ಲರೂ ಮನೆಗೆ ಹೋದ ಮೇಲೆ ಹತ್ತಿಕೊಳ್ಳುತ್ತದೆ.

ದುಡ್ಡು ಯಾರು ಕೊಡಬೇಕು?

ಎಲ್ಲ ಸಭೆಗಳೂ ಮುರಿದು ಬೀಳುವುದು ಇಲ್ಲೇ. 'ಸೋರುವುದು ನಿಮ್ಮ ಆಫೀಸು, ನಾನ್ಯಾಕೆ ಕೊಡಲಿ' ಎನ್ನುತ್ತಾರೆ ನೆಲಮಹಡಿಯ ಅಂಗಡಿಯವರು. ಮಹಾರಾಷ್ಟ್ರದ ಸಹಕಾರಿ ವಸತಿ ಸೊಸೈಟಿಗಳ ಮಾದರಿ ಉಪವಿಧಿ ತಾರಸಿಯ ದುರಸ್ತಿ ಸೊಸೈಟಿಯ ಖರ್ಚು ಎಂದೇ ಹೇಳುತ್ತದೆ. ವಾಣಿಜ್ಯ ಕಟ್ಟಡಗಳಲ್ಲಿ ಅದು ಮಾರಾಟ ಪತ್ರ, ಗುತ್ತಿಗೆ ಕರಾರಿನ ಮೇಲೆ ನಿಂತಿದೆ, ಮೊದಲೇ ಓದಿಕೊಳ್ಳಬೇಕು. ತಾರಸಿಯಲ್ಲಿ ಮೊಬೈಲ್ ಟವರ್ ಇದ್ದು ಬಾಡಿಗೆ ಬರುತ್ತಿದ್ದರೆ, ಕೆಲಸದ ವೇಳೆ ಟವರ್ ಎತ್ತಿ ಇಡುವ ಖರ್ಚು ಯಾರದು ಎಂಬುದನ್ನೂ. ಎಲಿಯಟ್ ಲೇಕ್‌ನಲ್ಲಿ ಚಾವಣಿ ಬದಲಿಸುವ ಖರ್ಚು ಒಬ್ಬ ಮಾಲೀಕರಿಂದ ಇನ್ನೊಬ್ಬರಿಗೆ ಮುಂದಕ್ಕೆ ಹೋಗುತ್ತಲೇ ಇತ್ತು. ಕುಸಿತದ ಮರುವರ್ಷ ಇಡೀ ಮಾಲ್ ಕೆಡವಬೇಕಾಯಿತು.

ಕೆಲಸ ಮುಗಿದ ಮೇಲೆ

ಹಣ ಪೂರ್ತಿ ಕೊಡುವ ಮುನ್ನ ಪೈಪ್‌ಗಳನ್ನು ಮುಚ್ಚಿ 48 ಗಂಟೆ ನೀರು ನಿಲ್ಲಿಸಿ ನೋಡುವುದು ವಾಡಿಕೆ. ಎರಡು ಇಂಚು ನೀರು ಸಾಕು. ಸ್ಲ್ಯಾಬ್ ದುರ್ಬಲ ಎಂದು ವರದಿ ಬಂದಿದ್ದರೆ ಎಂಜಿನಿಯರ್ ಒಪ್ಪಿಗೆ ಇಲ್ಲದೆ ಈ ಪರೀಕ್ಷೆಯೂ ಬೇಡ, ಭಾಗ ಭಾಗವಾಗಿ ಮಾಡಬಹುದು. ಫಾಲ್ಸ್ ಸೀಲಿಂಗ್ ಮತ್ತೆ ಮುಚ್ಚುವುದು ಪರೀಕ್ಷೆ ಆದ ನಂತರವೇ.

'10 ವರ್ಷ ಗ್ಯಾರಂಟಿ' ಪತ್ರದ ಸಣ್ಣ ಅಕ್ಷರಗಳನ್ನು ಓದಿ. ಆಮೇಲೆ ಬೇರೆಯವರು ತೂತು ಕೊರೆದರೆ ಗ್ಯಾರಂಟಿ ಇಲ್ಲ ಎಂದು ಬಹುತೇಕ ಬರೆದಿರುತ್ತದೆ, ಅದು ನ್ಯಾಯವೂ ಹೌದು. ಲಕ್ಷಾಂತರ ರೂಪಾಯಿ ಸುರಿದು ಮಾಡಿಸಿದ ತಾರಸಿಗೆ ಮುಂದಿನ ತಿಂಗಳೇ ಡಿಶ್ ಆಂಟೆನಾದವರೋ, ಸೋಲಾರ್‌ನವರೋ ಬಂದು ನಾಲ್ಕು ಬೋಲ್ಟ್ ಬಡಿದು ಹೋಗುತ್ತಾರೆ. ತಾರಸಿಯ ಬಾಗಿಲಿಗೆ ಬೀಗ ಹಾಕಿ, ಕೀಲಿಯನ್ನು ಒಬ್ಬರ ಬಳಿ ಇಟ್ಟು, ಯಾರು ಯಾಕೆ ಮೇಲೆ ಹೋದರು ಎಂದು ಒಂದು ರಿಜಿಸ್ಟರ್‌ನಲ್ಲಿ ಬರೆಸಿ. ಮೊದಲ ಜೋರು ಮಳೆಯ ಮಾರನೇ ದಿನ ಯಾರಾದರೊಬ್ಬರು ಪೈಪ್ ಬಾಯಿಗಳನ್ನು ನೋಡಿ ಬರಲಿ.